ನಾಲ್ಕನೆಯ ಬೋಲ್ಟು

ಪೆಡಲು ನಡುಗುತ್ತಿದೆ, ಅಲ್ಲ, ನಡುಗುತ್ತಿರುವುದು ತನ್ನ ಕಾಲು, ಪೆಡಲು ಅದರ ಪಾಡಿಗೆ ಅದಿದೆ, ಎಂದುಕೊಂಡಳು ಎದೆಲ್ಮಿರಾ, ಪಿಕಪ್ಪಿನ ಸ್ಟೀರಿಂಗ್ ಹಿಂದೆ ಕೂತು, ಮೂಗಿನ ತುಂಬ ಹೊಸ ಬಣ್ಣ ಬಿಸಿಲಿಗೆ ಕಾಯುವ ವಾಸನೆ — ಮೆಲ್ಲಗೆ ಕಣೇ ಮುದುಕಿ, ಬ್ರೇಕಿನ ಮೇಲೆ ಕಾಲು ಸುಮ್ನೆ ಇಟ್ಟಿರು, ತುಳೀಬೇಡ, ಎಂದು ಗಾಡಿಯ ಮುಂದೆ ನಿಂತ ಕುಸ್ತೋದಿಯೊ ಕೂಗುತ್ತಾನೆ, ಮದುವೆಯಾದ ದಿನದಿಂದಲೂ ಗಂಡನಿಗೆ ಅವಳು ಮುದುಕಿಯೇ, ಆಗಿನ್ನೂ ಕೆನ್ನೆಯ ಮೇಲೆ ಮೊಡವೆ ಇದ್ದವು, ಈಗ ಆ ಹೆಸರಿಗೆ ತಕ್ಕ ಮೊಣಕಾಲು ಬಂದಿವೆ, ಸರಿಹೋಯಿತು. ಗೇರು ಬಿಡಿಸಿದೆ, ಇಂಜಿನ್ನು ಗುರುಗುಡುತ್ತಿದೆ, ಹಳೆಯ ಪ್ಲಾಸ್ಟಿಕ್ ಬಂಪರಿದ್ದ ಜಾಗದಲ್ಲಿ ಉಕ್ಕಿನದು ಕೂತಿದೆ, ಎತ್ತಿನ ಹಣೆಯ ಹಾಗೆ ಅಗಲ, ಅದರ ನಡುವೆ ವಿಂಚು, ಕೆಸರಿಗೆ ಬಿದ್ದ ಗಾಡಿಯನ್ನು ತಂತಿ ಸುತ್ತಿ ಎಳೆಯುವ ರಾಟೆ, ವಿಂಚಿನಿಂದ ಬಿಚ್ಚಿ ಎಳೆದ ತಂತಿಹಗ್ಗ ಹುಲ್ಲಿನ ಮೇಲೆ ಸೋಮಾರಿಯಾಗಿ ಬಿದ್ದುಕೊಂಡು ದಿಬ್ಬದ ಮೇಲಿನ ಲೇಂಗಾ ಮರದವರೆಗೂ ಹೋಗಿದೆ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಏಪ್ರಿಲ್ ಬಂತೆಂದರೆ ಚಳಿಗಾಲ ಹತ್ತಿರ, ಮರ ಆಗಲೇ ಕೆಂಪಾಗಿದೆ, ಇನ್ನೇನು ಎಲೆ ಉದುರಿ ಹಿಮ ಬೀಳುತ್ತದೆ, ಮರದ ಬುಡದಲ್ಲಿ ನೆರೆಯ ಫ್ಲೋರಿದೋರ್ ಕೊಕ್ಕೆ ಸಿಕ್ಕಿಸಿ, ಸೈ, ಎಂದು ಕೈಯೆತ್ತುತ್ತಾನೆ. ಹೊಸ ತಂತೀನ ಕಾರ್ಖಾನೆಯವರು ಸಡಿಲವಾಗಿ ಸುತ್ತಿ ಕಳಿಸಿರ್ತಾರೆ, ಹಾಗೇ ಬಿಟ್ರೆ ಹೊಳೆ ಮಧ್ಯೆ ಎಳೆಯುವಾಗ ಮೇಲಿನ ಸುತ್ತು ಕೆಳಗಿನದರೊಳಗೆ ಕಚ್ಕೊಂಡುಬಿಡುತ್ತೆ, ಆಮೇಲೆ ಬಿಷಪ್ಪರೇ ಬಂದು ಮಂತ್ರಜಲ ಹಾಕಿದ್ರೂ ಬಿಡಲ್ಲ, ಅದಕ್ಕೇ ಮೊದಲ ಸಲ ಭಾರ ಕೊಟ್ಟು ಸುತ್ತಬೇಕು, ಗಾಡಿ ತನ್ನನ್ನ ತಾನೇ ದಿಬ್ಬಕ್ಕೆ ಎಳ್ಕೊಳ್ಳಬೇಕು, ಒಳಗೆ ಕೂತವರು ಒಂದಿಷ್ಟೇ ಇಷ್ಟು ಬ್ರೇಕ್ ಹಿಡಿದಿರಬೇಕು, ಎಂದು ಬೆಳಿಗ್ಗೆ ಕರಿದ ರೊಟ್ಟಿ ಮುರಿಯುತ್ತಾ ಕುಸ್ತೋದಿಯೊ ವಿವರಿಸಿದ್ದ, ಉಣ್ಣೆ ಉಂಡೆ ಇದ್ದ ಹಾಗಾ, ಎಂದು ಅವಳು ಕೇಳಿದ್ದಳು, ಹ್ಞಾಂ, ಅದೇ, ಉಣ್ಣೆ ಉಂಡೆ, ಎಂದ ಅವನು, ರೊಟ್ಟಿಯ ತಟ್ಟೆಯನ್ನು ಅವಳತ್ತ ತಳ್ಳಿದ, ಈ ಮನೆಯಲ್ಲಿ ಉಣ್ಣೆಯ ಮಾತು ಈಗೀಗ ಎತ್ತಿದಷ್ಟು ಸುಲಭವಾಗಿ ಇಳಿಸಲು ಬರುವುದಿಲ್ಲ.

ಉಣ್ಣೆಯಿಂದಲೇ ತಾನೆ ಗೊತ್ತಾಗಿದ್ದು — ಒಲೆಯ ಪಕ್ಕದ ಬೆಂಚು, ಅವನು ಎರಡು ಕೈ ಚಾಚಿ ಉಣ್ಣೆಯ ಲಡಿ ಹಿಡಿದು ಕೂತಿದ್ದ, ವರ್ಷಾ ವರ್ಷ ಕೂರುವ ಹಾಗೆ, ಅವಳು ಉಂಡೆ ಸುತ್ತುತ್ತಿದ್ದಳು, ಲಡಿ ಅವನ ಬಲಗೈಯಿಂದ ಜಾರಿ ನೆಲಕ್ಕೆ ಬಿತ್ತು, ನಾಯಿ ಬಂದು ಮೂಸಿತು, ಅವನು ಮಾತ್ರ ರೇಡಿಯೋದ ಕಡೆ ಕಿವಿಯಿಟ್ಟು ಹಾಗೇ ಕೈ ಚಾಚಿಕೊಂಡೇ ಇದ್ದ, ಬರಿಯ ಗಾಳಿಯನ್ನು ಜೋಪಾನವಾಗಿ ಹಿಡಿದುಕೊಂಡು, ಅಯ್ಯೋ ಮುದುಕಾ ಬಿತ್ತಲ್ಲೋ, ಎಂದಳು ಅವಳು, ನಗುತ್ತಲೇ, ಅವನು ಕೆಳಗೆ ನೋಡಿದ, ಆಮೇಲೆ ತನ್ನ ಕೈಯನ್ನು ನೋಡಿದ, ಯಾರೋ ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ, ಆಗ ಅವಳ ನಗು ನಿಂತಿತು. ತಲೆಯೊಳಗೆ ಒಂದು ಸಣ್ಣ ನರ ಕಟ್ಟಿಕೊಂಡಿತ್ತು, ಎಂದರು ಪಟ್ಟಣದ ಡಾಕ್ಟರು, ಕೈ ಆಡುತ್ತೆ ದೋನ್ ಕುಸ್ತೋದಿಯೊ, ಆದರೆ ಮುಟ್ಟಿದ್ದು ತಿಳಿಯಲ್ಲ, ಬಂದರೂ ಬಂದೀತು, ಕಾದು ನೋಡೋಣ. ಆ ಡಾಕ್ಟರು ಒಳ್ಳೆಯ ಹುಡುಗಿ, ಅವನಿಗೆ ಶರ್ಟಿನ ಗುಂಡಿ ಹಾಕಲು ಆಗದಿದ್ದಾಗ ಕಿಟಕಿಯ ಕಡೆ ತಿರುಗಿ, ಮಳೆ ಬರೋ ಹಾಗಿದೆ ಅಲ್ವಾ, ಎನ್ನುತ್ತಾ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆಕಾಶ ನೋಡುತ್ತಾ ನಿಂತಿದ್ದಳು, ಅದನ್ನು ಎದೆಲ್ಮಿರಾ ಮರೆತಿಲ್ಲ. ಪಟ್ಟಣದಲ್ಲಿರುವ ಮಗಳು ರೊಸೌರಾಳದು ಮಾತ್ರ ಹಠ, ಚಳಿಗಾಲ ನಮ್ಮನೇಲಿ ಇರಿ ಅಮ್ಮಾ, ದಾರೀಲಿ ದಾಟಬೇಕಾದ ಆ ಹೊಳೆ, ಆ ಕೆಸರು, ಅಪ್ಪನ ಕೈ ಬೇರೆ ಹೀಗೆ, ಎಲ್ಲಾದ್ರೂ ಸಿಕ್ಕಿಬಿದ್ರೆ ಏನ್ಮಾಡ್ತೀರಿ, ಅವಳು ಹೇಳುವುದರಲ್ಲಿ ತಪ್ಪೇನಿದೆ, ಅವಳ ಮನೆಯಲ್ಲಿ ಬಿಸಿನೀರು ನಲ್ಲಿಯಲ್ಲೇ ಬರುತ್ತದೆ, ಆದರೆ ಕಿಟಕಿ ತೆಗೆದರೆ ಎದುರು ಮನೆಯ ಗೋಡೆ, ಕುರಿಗಳಿಲ್ಲ, ಗಾಳಿಯ ಸದ್ದಿಲ್ಲ, ಇಲ್ಲಿಯ ಹಿಮದ ಬೆಳಿಗ್ಗೆಗಳಿಲ್ಲ, ಎದೆಲ್ಮಿರಾಗೂ ಹೋಗಲು ಮನಸ್ಸಿಲ್ಲ, ಅದನ್ನು ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕುಸ್ತೋದಿಯೊ ಮಗಳ ಮುಂದೆಯೇ ಮೇಜು ತಟ್ಟಿದ, ಕೇಳು, ಗಾಡಿಗೆ ಬಂಪರು ವಿಂಚು ಹಾಕ್ತೀನಿ, ಆಗ ಹೊಳೆ ಏನೂ ಮಾಡಲ್ಲ, ಭಾರ ಎತ್ತೋಕೆ ಯಾರಾದ್ರೂ ಬರಲಿ, ಬೋಲ್ಟು ಒಂದೊಂದೂ ನಾನೇ ಹಾಕ್ತೀನಿ, ಹಾಕೋಕಾದ್ರೆ ಚಳಿಗಾಲ ಇಲ್ಲೇ, ಆಗಲಿಲ್ಲಾಂದ್ರೆ ಬೀಗ ಜಡಿದು ನಿನ್ನ ಹಿಂದೆ ಬರ್ತೀನಿ, ಮಾತಿಲ್ಲ. ಇಡೀ ಕಣಿವೆಯ ರಸ್ತೆ ಸಮ ಮಾಡುವ ಯಂತ್ರ ಓಡಿಸಿದವನು, ಈ ದಾರಿಯಲ್ಲಿ ಕೆಸರಿಗೆ ಬಿದ್ದು ಅವನು ಎಳೆಯದೆ ಬಿಟ್ಟ ಗಾಡಿಯೇ ಇಲ್ಲ, ಅವನು ಸುಮ್ಮನೆ ಹೇಗೆ ಕೂತಾನು.

ಉಕ್ಕಿನ ಬಂಪರು ಎತ್ತಿದ ದಿನ ಫ್ಲೋರಿದೋರ್ ಬಂದಿದ್ದ, ನಿಧಾನ ಕುಂಪಾ, ನಿಧಾನ ಗೆಳೆಯಾ, ನನ್ನ ಸೊಂಟ ಸರಿಯಿಲ್ಲ, ಮೂರು ದಿನದಿಂದ ಹಿಡ್ಕೊಂಡಿದೆ, ಎಂದು ಹಲ್ಲು ಕಚ್ಚಿ ನರಳುತ್ತಿದ್ದ, ಹೆಜ್ಜೆಗೊಮ್ಮೆ ಭಾರ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ, ಕುಸ್ತೋದಿಯೊ ಅವನನ್ನು ಬಾಯಿಗೆ ಬಂದ ಹಾಗೆ ಗೇಲಿ ಮಾಡಿದ, ಏನಯ್ಯಾ ನೀನು ಗಂಡಸಾ, ಹೆರಿಗೆ ಕೋಣೇಲಿರೋ ಹಾಗೆ ಒದ್ದಾಡ್ತೀಯಲ್ಲೋ, ಅಡುಗೆಮನೆಯ ಕಿಟಕಿಯಿಂದ ಎದೆಲ್ಮಿರಾ ನೋಡುತ್ತಿದ್ದಳು, ಭಾರವೆಲ್ಲ ಫ್ಲೋರಿದೋರನ ಕಡೆಗೇ ಇತ್ತು, ಕೆಲಸ ಮುಗಿದ ಮೇಲೆ ಅವನು ಕುದುರೆಯ ಮೇಲೆ ಹಾರಿ ಕೂತು ಬೇಲಿ ಜಿಗಿಸಿಕೊಂಡು ಹೋದ, ಸೊಂಟ ಸರಿಯಿಲ್ಲದವನು. ಒಂದು ಕಾಲದಲ್ಲಿ ಅವಳ ತರಗತಿಯಲ್ಲಿ ಕೊನೆಯ ಬೆಂಚಿನವನು, ಭಾಗಾಕಾರ ತಲೆಗೆ ಹತ್ತಲೇ ಇಲ್ಲ, ಈಗಲೂ ಟೀಚರಮ್ಮ ಎನ್ನುತ್ತಾನೆ, ಈಗಲೂ ಅವಳೆದುರು ಟೋಪಿ ತೆಗೆಯುತ್ತಾನೆ. ಬೋಲ್ಟುಗಳನ್ನು ಕುಸ್ತೋದಿಯೊ ಒಬ್ಬನೇ ಹಾಕಿದ, ಗಾಡಿಯ ಕೆಳಗೆ ಮಲಗಿ, ಬೈದುಕೊಳ್ಳುತ್ತಾ, ಮಧ್ಯೆ ಮಧ್ಯೆ ಸಿಳ್ಳೆ ಹಾಕುತ್ತಾ, ಆ ಸಿಳ್ಳೆ ಕೇಳಿ ಎಷ್ಟು ದಿನವಾಗಿತ್ತು, ಅವಳು ಕುದಿಯುವ ಕೆಟಲನ್ನು ಒಲೆಯಿಂದ ಇಳಿಸಿ ಸದ್ದು ನಿಲ್ಲಿಸಿ ಕೇಳಿದಳು, ಆಯ್ತು ಕಣೇ, ಕಲ್ಲು ಕೂತ ಹಾಗೆ ಕೂತಿದೆ, ಎಂದು ಅವನು ಒಳಗೆ ಬಂದು, ಮಾಟೆ ಸೊಪ್ಪಿನ ಕಷಾಯವನ್ನು ಬುರುಡೆಯಿಂದ ಬಿಸಿಬಿಸಿ ಹೀರಿ, ಊಟ ಮಾಡಿ, ಮಲಗಿದ. ಅವಳು ಮೊಟ್ಟೆ ತರಲು ಹೋದವಳು, ಏಕೆ ಹೋದೆ ಅತ್ತ, ಸುಮ್ಮನೆ ಹೋದೆ, ಕನ್ನಡಕವೂ ಇರಲಿಲ್ಲ, ಬಗ್ಗಿ ಬಂಪರಿನ ಕೆಳಗೆ ಕೈ ಹಾಕಿದಳು, ಅವನ ಕೆಲಸವನ್ನು ಮುಟ್ಟಿ ನೋಡಬೇಕೆನಿಸಿತ್ತು ಅಷ್ಟೆ, ವಿಂಚನ್ನು ಹಿಡಿದ ನಾಲ್ಕು ಬೋಲ್ಟುಗಳಲ್ಲಿ ಮೊದಲು ಸಿಕ್ಕಿದ್ದು ಬೆರಳಿಗೇ ತಿರುಗಿತು, ಜಾಮಿನ ಸೀಸೆಯ ಮುಚ್ಚಳದ ಹಾಗೆ. ಬಿಗಿ ಎನ್ನುವುದನ್ನು ಕೈ ಹೇಳಬೇಕು, ಅವನಿಗೆ ಆ ಕೈ ಏನೂ ಹೇಳಿರಲಿಲ್ಲ. ಅಲ್ಲೇ ಬಿದ್ದಿದ್ದ ಸ್ಪ್ಯಾನರು ತೆಗೆದುಕೊಂಡು ಹುಲ್ಲಿನ ಮೇಲೆ ಅಂಗಾತ ಮಲಗಿ, ಸ್ಕರ್ಟಿನ ಮೇಲೆ ಕೋಳಿ ಓಡಾಡುತ್ತಿತ್ತು, ಎರಡೂ ಕೈಯಿಂದ ಎಳೆದಳು, ಒಂದು, ಎರಡು, ಮೂರು, ಕಳ್ಳಿಯ ಹಾಗೆ, ಒಳಗೆ ಅವನ ಗೊರಕೆ ನಿಲ್ಲದಿರಲಿ ದೇವರೇ ಎನ್ನುತ್ತಾ — ನಾಲ್ಕನೆಯದು ಹಿಂದಿನ ಮೂಲೆಯಲ್ಲಿ, ರೇಡಿಯೇಟರಿನ ಪಕ್ಕ, ಅವಳ ಭುಜ ಅಷ್ಟು ಮೇಲಕ್ಕೆ ಹೋಗುವುದಿಲ್ಲ, ಸ್ಪ್ಯಾನರು ಜಾರಿ ಗೆಣ್ಣು ಸುಲಿಯಿತು, ನಾಳೆ ಫ್ಲೋರಿದೋರನ ಕಿವಿಯಲ್ಲಿ ಹೇಳಿ ಮಾಡಿಸಿದರಾಯಿತು ಎಂದುಕೊಂಡು ಎದ್ದಳು, ನಾಳೆ ಎಂದರೆ ಇವತ್ತು, ಇವತ್ತು ಬೆಳಗಿನಿಂದ ಕುಸ್ತೋದಿಯೊ ಫ್ಲೋರಿದೋರನ ಪಕ್ಕ ಬಿಟ್ಟು ಕದಲಲೇ ಇಲ್ಲ.

ಎಳೀತಿದೀನಿ, ಎಂದು ಅವನು ಕೂಗುತ್ತಾನೆ, ಎಡಗೈಯಲ್ಲಿ ವೈರಿನ ತುದಿಯ ಗುಂಡಿ, ವಿಂಚು ಗಿರ್ ಎನ್ನುತ್ತದೆ, ಹುಲ್ಲಿನಲ್ಲಿ ಮಲಗಿದ್ದ ತಂತಿ ಎದ್ದು ಕೂರುತ್ತದೆ, ಇರಿ ಇರಿ ಕುಂಪಾ, ಎಂದು ಫ್ಲೋರಿದೋರ್ ಓಡಿ ಬಂದು ತಾನು ಹೊದ್ದ ಉಣ್ಣೆಯ ಪೊಂಚೊವನ್ನೇ ತಲೆಯಿಂದ ತೆಗೆದು ತಂತಿಯ ಮೇಲೆ ಹೊದಿಸುತ್ತಾನೆ, ತುಂಡಾದ್ರೆ ಹೊಡೆತ ಇದು ತಿನ್ನಲಿ, ಟೀಚರಮ್ಮನ ಗಾಜಿಗೆ ಬರೋದು ಬೇಡ, ಚಳಿಗೆ ಅವನ ಅಂಗಿಯ ಬೆನ್ನು ನಡುಗುತ್ತಿದೆ, ಒಳ್ಳೆಯ ಪೊಂಚೊ, ಅವನ ತಾಯಿ ನೇಯ್ದದ್ದು, ತಂತಿ ತುಂಡಾದರೆ ಸರಿ, ಬೋಲ್ಟು ಕಿತ್ತು ಬಂದರೆ ಪೊಂಚೊ ಏನು ಮಾಡುತ್ತದೆ, ಕುಸ್ತೋದಿಯೊ ಅಲ್ಲೇ ನಿಂತಿದ್ದಾನೆ, ಬಂಪರಿಗೆ ಒಂದು ಮಾರು ದೂರ, ಬಲಗೈಗೆ ಚರ್ಮದ ಗವಸು ಹಾಕಿ ತಂತಿಯನ್ನು ಸಾಲಾಗಿ ಕೂರಿಸುತ್ತಿದ್ದಾನೆ, ಆ ಕೈ, ಆ ಕೈಯೇ ಬೇಕಿತ್ತಾ, ಗವಸಿನ ತುದಿ ತಂತಿ ಒಳಹೋಗುವ ರೋಲರಿನತ್ತ ಹೋದರೆ ಅವನಿಗೆ ತಿಳಿಯುವುದು ಹೇಗೆ, ಲಡಿ ಬಿದ್ದದ್ದು ತಿಳಿಯದವನಿಗೆ, ಗಾಡಿ ಅಲುಗಿತು, ಹೊರಟಿತು, ಯಾರೂ ಓಡಿಸದೆ, ಭಯಕ್ಕೆ ಬ್ರೇಕ್ ತುಳಿಯಬೇಕೆನಿಸುತ್ತದೆ, ತುಳಿದರೆ ತಂತಿಯ ಮೇಲಿನ ಭಾರ ಇಮ್ಮಡಿ, ಬಿಟ್ಟರೆ ಗಾಡಿ ಅವನ ಕಡೆಗೆ, ಕೀಲಿ ತಿರುಗಿಸಿದರೂ ವಿಂಚು ನಿಲ್ಲುವುದಿಲ್ಲ, ಅದು ಬ್ಯಾಟರಿಯಿಂದ ಓಡುವುದು, ಸದ್ದಿಲ್ಲದೆ ನಿಲ್ಲಿಸುವ ದಾರಿಯೇ ಇಲ್ಲ, ಬಾಯಿ ಬಿಡಲೇಬೇಕು, ಬಿಟ್ಟರೆ ಚಳಿಗಾಲ ಹೋಯಿತು, ಸಿಳ್ಳೆ ಹೋಯಿತು, ಫ್ಲೋರಿದೋರನ ಎದುರಿಗೆ ಅವನ ಮುಖ, ಯಾವುದು ಹೋದರೆ ಹೋಗಲಿ, ಆ ಗವಸು, ಗವಸು ಇನ್ನೂ ಹತ್ತಿರ — ನಿಲ್ಸೋ, ಎಂದು ಕಿರುಚಿದಳು, ಕುಸ್ತೋದಿಯೊ, ನಿಲ್ಸು.

ವಿಂಚು ನಿಂತಿತು. ಕೈಬ್ರೇಕು ಎಳೆದು ಇಳಿದಳು, ಹುಲ್ಲು ಮೆತ್ತಗಿತ್ತು, ಏನಾಯ್ತೇ, ಎಂದು ಅವನು, ನಾಲ್ಕನೇದು ಸಡಿಲ ಇದೆ, ಎಂದಳು, ಯಾವ ನಾಲ್ಕನೇದು, ವಿಂಚಿನ ಹಿಂದಿನ ಬೋಲ್ಟು, ಮೂರನ್ನ ನಾನೇ ಬಿಗಿ ಮಾಡ್ದೆ, ನೀನು ಮಲಗಿದ್ದಾಗ, ಅದಕ್ಕೆ ನನ್ನ ಕೈ ಎಟುಕಲಿಲ್ಲ, ಹೇಳಬೇಕಿತ್ತು, ಹೇಳಲಿಲ್ಲ. ಮರದ ಬುಡಕ್ಕೆ ಮರಳಿದ್ದ ಫ್ಲೋರಿದೋರನಿಗೆ ಇದ್ದಕ್ಕಿದ್ದಂತೆ ಅದರ ತೊಗಟೆಯಲ್ಲಿ ಬಹಳ ಆಸಕ್ತಿ ಹುಟ್ಟಿತು. ಕನ್ನಡಕ ಹಾಕ್ಕೊ, ಎಂದ ಕುಸ್ತೋದಿಯೊ, ಹಾಕ್ಕೊಂಡು ಕೆಳಗೆ ನೋಡು. ಅವಳು ಮೊಣಕಾಲೂರಿ ಬಗ್ಗಿದಳು, ಬಿಳಿಯ ಗೆರೆಗಳು, ಒಂದೊಂದು ಬೋಲ್ಟಿನ ತಲೆಯ ಮೇಲಿಂದ ಪಕ್ಕದ ಉಕ್ಕಿನ ಮೇಲಕ್ಕೆ ಬಣ್ಣದ ಒಂದೊಂದು ಎಳೆ, ಎಳೆದ ಕೈ ನಡುಗಿದ್ದು ಕಾಣುವಂತೆ ಸೊಟ್ಟ, ರಸ್ತೆ ಕೆಲಸದ ಶೆಡ್ಡಲ್ಲಿ ನಾವು ಹಾಗೇ ಮಾಡ್ತಿದ್ವಿ, ಎಂದು ಮೇಲಿನಿಂದ ಅವನ ದನಿ, ಬಿಗಿ ಮಾಡಿದ ಮೇಲೆ ಗೆರೆ, ಗೆರೆ ಮುರಿದಿದ್ರೆ ಬೋಲ್ಟು ತಿರುಗಿದೆ ಅಂತ, ನಿನ್ನೆ ಸಂಜೆ ಕೋಳಿಗೂಡು ಮುಚ್ಚೋಕೆ ಬಂದಾಗ ನೋಡ್ದೆ, ಮೂರು ಮುರಿದಿದ್ವು, ಒಂದು ಮಾತ್ರ ನೆಟ್ಟಗಿತ್ತು, ನಾನು ಹಾಕಿದ ಹಾಗೇ ಇದ್ದದ್ದು ಅದೊಂದೇ, ಹಾಗಾದ್ರೆ ಅದೂ ಸಡಿಲಾನೇ ಅಂತ ಗೊತ್ತಾಯ್ತು, ಬೆಳಿಗ್ಗೆ ಇವನ ಹತ್ರ ಮಾಡಿಸ್ದೆ, ನೀನು ರೊಟ್ಟಿ ಕರೀತಿದ್ದೆ. ಈಗ ನಾಲ್ಕೂ ಮುರಿದಿದ್ದವು. ನಂಗೇನೂ ಗೊತ್ತಿಲ್ಲಪ್ಪ, ಎಂದ ಫ್ಲೋರಿದೋರ್ ಮರಕ್ಕೆ, ಮೂರೋ ನಾಲ್ಕೋ, ನಂಗೆ ಲೆಕ್ಕ ಬರಲ್ಲ ಅಂತ ಟೀಚರಮ್ಮನೇ ಹೇಳ್ತಿದ್ರು. ನಂಗೆ ಹೇಳಬಹುದಿತ್ತಲ್ಲೋ ನೀನು, ಎಂದಳು ಗಂಡನಿಗೆ, ನೀನು ಹೇಳಿದ್ಯಾ, ಎಂದ ಅವನು, ಅದರಲ್ಲಿ ಸಿಟ್ಟಿರಲಿಲ್ಲ, ಹಾಗಾದ್ರೆ ಚಳಿಗಾಲ, ಎಂದು ಕೇಳಿದಳು, ಕೇಳಬಾರದು ಎಂದುಕೊಂಡೇ. ಅವನು ಹಲ್ಲಿನಿಂದ ಗವಸು ಕಚ್ಚಿ ಎಳೆದು ತೆಗೆದ, ಅವಳ ಕೈಗೆ ಕೊಟ್ಟ, ಗುಂಡಿಯನ್ನೂ ಕೊಟ್ಟ, ನನ್ನ ಕಾಲಿಗೆ ಏನೂ ಆಗಿಲ್ಲ, ಬ್ರೇಕ್ ನಾನು ಹಿಡೀತೀನಿ, ಹೊಳೇಲಿ ಸಿಕ್ಕಾಕ್ಕೊಂಡಾಗ ಇಳಿದು ತಂತಿ ಕಟ್ಟೋಳು ನೀನೇ, ಈಗ್ಲೇ ಕಲ್ತ್ಕೊ, ಜುಲೈ ತಿಂಗಳ ನೀರಲ್ಲಿ ಪಾಠ ಹೇಳೋಕೆ ನನ್ನ ಕೈಲಾಗಲ್ಲ, ಎಂದು ಗಾಡಿ ಹತ್ತಿ ಬಾಗಿಲು ಎಳೆದುಕೊಂಡ, ಮಗಳಿಗೆ ಏನ್ ಹೇಳ್ತೀಯ, ಎಂದಳು ಕಿಟಕಿಯ ಹತ್ತಿರ ನಿಂತು, ಇದ್ದದ್ದನ್ನೇ ಹೇಳ್ತೀನಿ, ಬೋಲ್ಟು ನಾನು ಹಾಕಲಿಲ್ಲ, ಆದ್ರೆ ಬರಲ್ಲ ಅಂತ, ಬೈಕೊಳ್ಳಲಿ. ಗವಸಿನೊಳಗೆ ಅವನ ಬಿಸಿ ಇನ್ನೂ ಇತ್ತು. ಗುಂಡಿ ಒತ್ತಿದಳು, ತಂತಿ ಬಂತು, ಮೆಲ್ಲಗೆ, ಒಂದರ ಪಕ್ಕ ಒಂದು, ಗಾಡಿಯೊಳಗೆ ಅವನ ಕಾಲು ಸರಿಯಾಗಿ ಹಿಡಿದಿದೆ, ಎಲ್ಲೂ ಜಗ್ಗುವುದಿಲ್ಲ, ಆದರೆ ಕಣ್ಣು ತಂತಿಯ ಮೇಲೆ ನಿಲ್ಲದು, ಬಂಪರಿನ ಅಡಿಗೇ ಹೋಗುತ್ತದೆ, ನಿನ್ನೆ ಸಂಜೆ ಅವನು ಇಲ್ಲೇ ಹೀಗೇ ಬಗ್ಗಿದ್ದ, ಒಬ್ಬನೇ, ಮುರಿದ ಗೆರೆ ನೋಡಿದ್ದ, ಆಮೇಲೆ ಒಳಗೆ ಬಂದು ಕೈ ತೊಳೆದು, ಸೂಪಿಗೆ ಉಪ್ಪು ಕಮ್ಮಿ ಕಣೇ, ಎಂದಿದ್ದ, ಎಂದಿನ ದನಿಯಲ್ಲೇ, ಅವಳ ಸುಲಿದ ಗೆಣ್ಣನ್ನು ನೋಡಿಯೂ ಏನಾಯ್ತು ಅಂತ ಕೇಳಿರಲಿಲ್ಲ, ಬ್ರೆಡ್ಡನ್ನು ತಾನೇ ಮುರಿದು ಅವಳ ತಟ್ಟೆಗೆ ಇಟ್ಟಿದ್ದ, ತಂತಿ ಬರುತ್ತಿದೆ, ಬಿಳಿಯ ಗೆರೆ, ಅರ್ಧ ಉಕ್ಕಿನ ಮೇಲೆ ನಿಂತಿದೆ, ಅರ್ಧ ಬೋಲ್ಟಿನ ಜೊತೆ ತಿರುಗಿ ಹೋಗಿದೆ, ಪೊಂಚೊ ರೋಲರಿನ ಹತ್ರ ಬಂತು, ತೆಗೀರಿ ಟೀಚರಮ್ಮ, ಎಂದು ಫ್ಲೋರಿದೋರ್ ಕೂಗುತ್ತಾನೆ, ತೆಗೆಯಬೇಕು, ತೆಗೆಯುತ್ತೇನೆ, ಬಿಳಿಯ ಗೆರೆ, ಅರ್ಧ ಇಲ್ಲಿ, ಅರ್ಧ ಅಲ್ಲಿ, ನಡುವೆ ಒಂದು ಉಗುರಿನಷ್ಟು ಜಾಗ, ಅವನೂ ತಾನೂ ಹೇಳದೆ ಉಳಿಸಿಕೊಂಡಷ್ಟು —