ಟೊಳ್ಳು ಟೈಲಿನ ಸದ್ದು

ಚೀನೀ ಹೊಸ ವರ್ಷದ ಐದನೆಯ ದಿನ ಕಳೆಯುವವರೆಗೆ ನಮ್ಮ ಮನೆಯಲ್ಲಿ ಕೆಟ್ಟ ಮಾತು ಆಡುವಂತಿಲ್ಲ. ಕಸ ಹೊರಗೆ ಹಾಕುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ. ಕೈಜಾರಿ ಬಟ್ಟಲು ಬಿದ್ದರೂ ಒಡೆಯಿತು ಎನ್ನಬಾರದು, ಸುಖ ಚೆಲ್ಲಿತು ಎನ್ನಬೇಕು. ಹಬ್ಬದಲ್ಲಿ ಮಾತ್ರೆ ನುಂಗಿದವನು ವರ್ಷವಿಡೀ ನುಂಗುತ್ತಾನೆಂದು ಈ ವರ್ಷ ಅತ್ತೆ ನನ್ನ ಗಂಡನ ಮಾತ್ರೆಗಳನ್ನೆಲ್ಲ ಹಿಟ್ಟಿನ ಡಬ್ಬದ ಹಿಂದೆ ಸರಿಸಿಟ್ಟಿದ್ದರು. ನಾನು ಅವನ್ನು ಪುಡಿಮಾಡಿ, ಕಡುಬು ಬೇಯಿಸಿದ ನೀರಿಗೆ ಕಲಸಿ ಕುಡಿಸುತ್ತಿದ್ದೆ. ಅತ್ತೆಗೆ ಅದು ಗೊತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅವರಿಗೆ ಬಾಲ್ಕನಿಯಲ್ಲಿ ಏನಾದರೂ ಕೆಲಸವಿರುತ್ತಿತ್ತು.

ನನ್ನ ಭಯ ಬೇರೆಯದೇ ಆಗಿತ್ತು. ಹಬ್ಬದ ದಿನಗಳಲ್ಲೇ ಆಸ್ಪತ್ರೆಯಿಂದ ಫೋನ್ ಬರುವುದಿತ್ತು.

ನನ್ನ ಗಂಡ ದೆಮಿಂಗ್ ಟೈಲ್ಸ್ ಕೂರಿಸುವವನು. ನಮ್ಮ ಊರಿನ ಹೊಸ ಕಟ್ಟಡಗಳಲ್ಲಿ ಎಷ್ಟೋ ಅಡುಗೆಮನೆ, ಬಚ್ಚಲುಮನೆಗಳ ನೆಲ ಅವನ ಕೈಯದು. ಕೆಲಸ ಮುಗಿದ ಮೇಲೆ ಅವನು ಒಂದೊಂದು ಟೈಲಿನ ಮೇಲೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ಗಾರೆ ಸರಿಯಾಗಿ ಹಿಡಿದಿದ್ದರೆ ಒಂದು ಸದ್ದು, ಕೆಳಗೆ ಟೊಳ್ಳಿದ್ದರೆ ಇನ್ನೊಂದು. ಟೊಳ್ಳು ಸಿಕ್ಕರೆ ಅವನು ಬಾಯಿ ಬಿಡುತ್ತಿರಲಿಲ್ಲ. ಅದೇ ಟೈಲಿನ ಮೇಲೆ ನಿಧಾನವಾಗಿ ಬಡಿಯುತ್ತಲೇ ಇರುತ್ತಿದ್ದ, ಅದನ್ನು ಕೂರಿಸಿದ ಕೈಕೆಳಗಿನ ಕೆಲಸದವನು ತಾನಾಗಿ ಬಂದು ಕಿತ್ತು ಹಾಕುವವರೆಗೆ.

ಶರತ್ಕಾಲದ ಕೊನೆಯಲ್ಲಿ, ಯಾರದೋ ಖಾಲಿ ಮನೆಯ ಬಚ್ಚಲಲ್ಲಿ, ಅರ್ಧ ಹಾಸಿದ ನೆಲದ ಮೇಲೆ ಅವನು ಬಿದ್ದಿದ್ದ. ಒಬ್ಬನೇ ಇದ್ದ. ಗಾರೆ ಗಟ್ಟಿಯಾಗಿಹೋದ ಮೇಲೆ ಯಾರೋ ನೋಡಿದರು. ನಗರದ ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಬಲಗಡೆ ಸೋತಿತ್ತು, ಮಾತು ನಿಂತಿತ್ತು. ಮೆದುಳಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆ ಎಂದರು.

ಡಾಕ್ಟರ್ ಮೌ ನಮಗೆ ಚಿತ್ರ ತೋರಿಸಿದರು. ಮೆದುಳಿನ ಎಡಗಡೆಯ ಬಹುಭಾಗ ಆಗಲೇ ಸತ್ತಿತ್ತು. ತೊಡೆಯ ಸಂದಿಯಿಂದ ತೆಳ್ಳನೆಯ ತಂತಿ ತೂರಿಸಿ ಆ ಹೆಪ್ಪನ್ನು ಹೊರಗೆಳೆಯಬಹುದು; ಆದರೆ ಮೆದುಳು ಇಷ್ಟು ಹಾಳಾದವರಿಗೆ ಇದುವರೆಗೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಔಷಧಿ ಕೊಟ್ಟು ಕಾಯುತ್ತಿದ್ದರು. ಮಾಡಿದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಹಲವು ಆಸ್ಪತ್ರೆಗಳು ಸೇರಿ ಅಧ್ಯಯನ ನಡೆಸುತ್ತಿವೆ ಎಂದು ವಿವರಿಸಿದರು. ಯಾರಿಗೆ ತಂತಿ, ಯಾರಿಗೆ ಬರೀ ಔಷಧಿ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಆರಿಸುತ್ತದಂತೆ.

"ಚೆನ್ನಾಗಾಗ್ತಾನೆ ಅಂತ ನಾನು ಮಾತು ಕೊಡಲ್ಲ," ಎಂದರು ಅವರು. "ಬದುಕಬಹುದು. ಬದುಕಿದ್ಮೇಲೆ ಹೇಗಿರ್ತಾನೆ ಅನ್ನೋದು ನಮಗೂ ಗೊತ್ತಿಲ್ಲ, ಅದನ್ನ ತಿಳ್ಕೊಳ್ಳೋಕೇ ಇಷ್ಟೆಲ್ಲ. ಮೂರು ತಿಂಗಳಾದ್ಮೇಲೆ ನಿಮಗೊಂದು ಫೋನ್ ಬರುತ್ತೆ. ಆಗ ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಕೇಳೋದು ಅಷ್ಟೇ."

ಅತ್ತೆ ಹೂಂ ಅಂದರು, ನಾನು ಸಹಿ ಹಾಕಿದೆ. ದೆಮಿಂಗ್‌ಗೆ ತಂತಿಯ ಪಾಲು ಬಂತು. ಕೆಲಸ ಮುಗಿಸಿ ಬಂದ ಡಾಕ್ಟರು ಬಿಳಿಯ ಬಟ್ಟೆಯ ಮೇಲೆ ಆ ಹೆಪ್ಪನ್ನಿಟ್ಟು ತೋರಿಸಿದರು. ಜಿಗಣೆಯ ಮರಿಯಷ್ಟಿತ್ತು. ಇಷ್ಟು ಸಣ್ಣದು ಅಷ್ಟು ದೊಡ್ಡ ಮನುಷ್ಯನನ್ನು ಕೆಡವಿತೇ ಎಂದು ನೋಡುತ್ತಾ ನಿಂತೆ. ಅತ್ತೆ ಆಸ್ಪತ್ರೆಯ ಮೊಗಸಾಲೆಯಲ್ಲೇ ಡಾಕ್ಟರ ಕಾಲಿಗೆ ಬಿದ್ದರು. ದೆಮಿಂಗ್ ಮನೆಗೆ ಬಂದ ಮೇಲೆ, ನಮ್ಮಲ್ಲಿನ ವಾಡಿಕೆಯಂತೆ, ಕೆಂಪು ಮಖಮಲ್ಲಿನ ಪತಾಕೆ ಹೊಲಿಸಿ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಹೊಗಳಿಕೆ ಬರೆಸಿ, ಬಸ್ಸಿನಲ್ಲಿ ಹೋಗಿ ಎರಡೂ ಕೈಯಿಂದ ಕೊಟ್ಟು ಬಂದರು. ಡಾಕ್ಟರ ಜೊತೆ ಆ ಪತಾಕೆ ಹಿಡಿದು ನಿಂತ ಫೋಟೊವನ್ನು ಈಗಲೂ ಬಂದವರಿಗೆಲ್ಲ ತೋರಿಸುತ್ತಾರೆ.

ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಬರಲಿಲ್ಲ. ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ. ಎಡಗೈಯಲ್ಲಿ ಚಮಚ ಹಿಡಿಯುತ್ತಾನೆ, ಅರ್ಧ ಚೆಲ್ಲುತ್ತಾನೆ. ಶೌಚ ಹಾಸಿಗೆಯಲ್ಲೇ. ಬೆಳಿಗ್ಗೆ ನಾನು ಅವನ ಮೈ ಒರೆಸುವಾಗ ಅವನು ಗೋಡೆಯ ಕಡೆ ಮುಖ ತಿರುಗಿಸುತ್ತಾನೆ.

ಮೊದಲ ಸಲ ಅವನು ಬಡಿದದ್ದು ಪಕ್ಕದ ಮನೆಯವರು ಬಂದಾಗ. ಮುಖದಲ್ಲಿ ಕಳೆ ಬಂದಿದೆ, ಬೇಸಿಗೆಗೆ ಕೆಲಸಕ್ಕೆ ಹೋಗುತ್ತಾನೆ ನೋಡಿ ಎಂದು ಅವರು ನಗುನಗುತ್ತಾ ಹೇಳುತ್ತಿದ್ದರು. ದೆಮಿಂಗ್ ಎಡಗೈ ಗೆಣ್ಣಿನಿಂದ ಪಕ್ಕದ ಗೋಡೆಯ ಟೈಲಿನ ಮೇಲೆ ನಿಧಾನವಾಗಿ ಬಡಿಯತೊಡಗಿದ. ಅವರು ಏನೋ ಬೇಕಂತೆ ಎಂದರು, ಅತ್ತೆ ನೀರು ತಂದರು. ಅವನು ಕುಡಿಯಲಿಲ್ಲ. ಆ ಬಡಿತ ಏನೆಂದು ನನಗೆ ಗೊತ್ತಾಯಿತು, ಆದರೆ ಯಾರಿಗೂ ಹೇಳಲಿಲ್ಲ.

ಫೋನ್ ಬಂದದ್ದು ಹಬ್ಬದ ಮೂರನೆಯ ದಿನ. ಮಗಳು ಮೈಮೈಯನ್ನು ಭಾವನ ಮನೆಗೆ ಕಳಿಸಿದ್ದೆ. ನಾನು ಬಚ್ಚಲಲ್ಲಿ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದೆ. ಅತ್ತೆಗೆ ಕಿವಿ ಮಂದ, ಹಾಗಾಗಿ ಫೋನನ್ನು ಮನೆಗೆಲ್ಲ ಕೇಳುವಂತೆ ಇಟ್ಟುಕೊಳ್ಳುತ್ತಾರೆ. ಒಬ್ಬ ಹುಡುಗಿಯ ದನಿ ಹಬ್ಬದ ಶುಭಾಶಯ ಹೇಳಿ, ಅಜ್ಜಿ, ರೋಗಿ ಹೇಗಿದ್ದಾರೆ ಎಂದಿತು.

ಅತ್ತೆ ಚೆನ್ನಾಗಿದ್ದಾನೆ ಎಂದರು. ನಡೆಯುತ್ತಾರಾ ಎಂದರೆ ನಡೆಯುತ್ತಾನೆ ಎಂದರು. ತಾವೇ ಊಟ ಮಾಡುತ್ತಾರಾ ಎಂದರೆ, ಈಗಷ್ಟೇ ಒಂದು ತಟ್ಟೆ ಕಡುಬು ತಿಂದ ಎಂದರು. ನಾನು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದೆ. ಅತ್ತೆ ನನ್ನ ಕಡೆ ನೋಡದೆ ಅಂಗೈ ಅಡ್ಡ ಹಿಡಿದರು, ಅಲ್ಲೇ ಇರು ಎನ್ನುವಂತೆ.

ಆಗ ದೆಮಿಂಗ್ ಗೋಡೆ ಬಡಿಯತೊಡಗಿದ. ಒಂದೇ ಟೈಲಿನ ಮೇಲೆ, ನಿಧಾನವಾಗಿ.

ಅದೇನು ಸದ್ದು ಎಂದು ಹುಡುಗಿ ಕೇಳಿದಳು.

"ನನ್ನ ಮಗಾನೇ ಕಣಮ್ಮ," ಎಂದರು ಅತ್ತೆ. "ಟೈಲ್ಸ್ ಬಡಿದು ನೋಡ್ತಾ ಇದಾನೆ. ಆಗ್ಲೇ ಕೆಲಸ ಶುರು ಹಚ್ಕೊಂಡ. ಸುಮ್ನೆ ಕೂರೋ ಜಾತಿಯಲ್ಲ ಅವನು."

ಹುಡುಗಿ ನಕ್ಕಳು. ಅತ್ತೆಯೂ ನಕ್ಕರು. ಹೊಸ ವರ್ಷ ಒಳ್ಳೆಯದಾಗಲಿ ಎಂದು ಇಬ್ಬರೂ ಹೇಳಿಕೊಂಡರು. ದೆಮಿಂಗ್‌ನ ಕೈ ನಿಂತಿತು. ಮೂರು ತಿಂಗಳಿಂದ ಅವನ ಮುಖ ನೋಡುತ್ತಲೇ ಇದ್ದೇನೆ. ಆ ಹೊತ್ತು ಕಂಡ ಮುಖವನ್ನು ಹಿಂದೆಂದೂ ಕಂಡಿರಲಿಲ್ಲ.

ನಾನು ಫೋನ್ ಕೊಡಿ ಎಂದೆ. ಅತ್ತೆ ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು. ಮೂರನೆಯ ದಿನ ಬಾಯಲ್ಲಿ ಕೆಟ್ಟ ಮಾತು ಬಂದರೆ ವರ್ಷವೆಲ್ಲ ಅದೇ ಗತಿ ಎಂದರು. ಪತಾಕೆ ಕೊಟ್ಟ ಕೈಯಿಂದಲೇ ಆ ಪುಣ್ಯಾತ್ಮನ ಮುಖಕ್ಕೆ ಮಸಿ ಬಳಿಯಬೇಕಾ ಎಂದು ಕೇಳಿದರು. ಇದಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು. ಆಮೇಲೆ ಅವರು ದನಿ ತಗ್ಗಿಸಿದರು.

"ಮೈಮೈ ಅಮ್ಮ, ಚೆನ್ನಾಗಿಲ್ಲ ಅಂದ್ರೆ ಅವರು ನಾಳೆಯಿಂದ ತಂತಿ ಹಾಕೋದೇ ನಿಲ್ಸಿಬಿಡ್ತಾರೆ. ಇನ್ಯಾರೋ ತಾಯಿ ಮಗ ಆ ಮಂಚದ ಮೇಲೆ ಹಾಗೇ ಹೋಗಿಬಿಡ್ಬೇಕಾ?"

ಅವರು ಅದನ್ನು ಮೊದಲೇ ಯೋಚಿಸಿದ್ದರು. ಹಬ್ಬದ ಮಡಿ, ಡಾಕ್ಟರ ಮಾನ ಎಲ್ಲ ಮೇಲಿನ ಮಾತು, ಒಳಗಿದ್ದದ್ದು ಇದು. ಹಿಂಡುತ್ತಿದ್ದ ಬಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಅಮ್ಮ, ಇಂಥವರು ಬದುಕಿದ್ಮೇಲೆ ಹೇಗಿರ್ತಾರೆ ಅಂತ ಅವತ್ತು ನನಗೆ ಹೇಳೋಕೆ ಯಾರೂ ಇರ್ಲಿಲ್ಲ," ಎಂದೆ.

"ಹೇಳಿದ್ರೆ ಸಹಿ ಹಾಕ್ತಿರ್ಲಿಲ್ವಾ ನೀನು?"

"ಹಾಕ್ತಿದ್ದೆ. ಗೊತ್ತಿದ್ದು ಹಾಕ್ತಿದ್ದೆ."

ಆಮೇಲೆ ನಾನು ಆ ಬಡಿತ ಏನೆಂದು ಹೇಳಿದೆ. ನೀರಿಗಲ್ಲ, ಬೇಸರಕ್ಕಲ್ಲ, ಟೈಲ್ಸ್ ನೋಡುವುದಕ್ಕೂ ಅಲ್ಲ. ಈ ಮಾತಿನ ಕೆಳಗೆ ಗಾರೆಯಿಲ್ಲ, ಟೊಳ್ಳು ಎಂದು ಹೇಳುತ್ತಿದ್ದಾನೆ ಎಂದೆ. ಅತ್ತೆ ಮಗನ ಕಡೆ ತಿರುಗಿದರು. ಅವನು ಅವರನ್ನೇ ನೋಡುತ್ತಿದ್ದ, ಬಡಿಯಲಿಲ್ಲ. ಅತ್ತೆ ಒಳಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು.

ನಾನು ಆ ನಂಬರಿಗೆ ಮಾಡಿದೆ. ಈಗ ಹೇಳಿದ್ದು ಸರಿಯಲ್ಲ, ಹಬ್ಬವೆಂದು ಹಾಗೆ ಹೇಳಿದರು ಎಂದೆ. ಹುಡುಗಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಂದೊಂದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ನಡೆಯುವುದಿಲ್ಲ ಎಂದೆ. ಹಿಡಿದುಕೊಂಡರೆ ನಿಲ್ಲುತ್ತಾರಾ ಎಂದಳು. ಇಬ್ಬರು ಹಿಡಿದರೆ ಎಂದೆ. ಒಬ್ಬರನ್ನೇ ಎಷ್ಟು ಹೊತ್ತು ಬಿಡಬಹುದು ಎಂದಳು. ಬಿಡುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ, ಅಷ್ಟು ಕಷ್ಟಪಟ್ಟು ಆ ಹೆಪ್ಪು ತೆಗೆದರೂ ಎನ್ನಲು ಹೊರಟೆ. ಅವಳು ತಡೆದಳು.

"ಅಕ್ಕ, ಅದನ್ನ ಮಾತ್ರ ಹೇಳ್ಬೇಡಿ. ಯಾರಿಗೆ ಏನು ಮಾಡಿದ್ರು ಅಂತ ನನಗೆ ಗೊತ್ತಿರಬಾರದು. ಗೊತ್ತಾದ್ರೆ ನನ್ನ ಲೆಕ್ಕ ಒಂದು ಕಡೆ ವಾಲುತ್ತೆ."

ಒಮ್ಮೆ ನೋಡಬಹುದೇ ಎಂದಳು. ನಾನು ಫೋನಿನ ಕಣ್ಣನ್ನು ಅವನ ಕಡೆ ತಿರುಗಿಸುವ ಮೊದಲು ಅವನ ತಲೆ ಬಾಚಲು ಹೋದೆ. ಎಡಗೈಯಿಂದ ಬಾಚಣಿಗೆ ತಳ್ಳಿದ. ಕತ್ತಿನ ಬಟ್ಟೆ ತೆಗೆಯಲು ಹೋದೆ, ಅದನ್ನೂ ಬಿಡಲಿಲ್ಲ. ಬಲಗೈ ಎತ್ತಿ ಎಂದು ಹುಡುಗಿ ಹೇಳಿದಳು. ಅವನು ಆ ಕೈಯನ್ನು ನೋಡಿದ. ನಾನೂ ನೋಡಿದೆ. ಹೆಸರು ಹೇಳಿ ಎಂದಳು. ಬಾಯಿ ತೆರೆದ, ಗಂಟಲಿಂದ ಏನೋ ಬಂತು, ಅದು ಹೆಸರಾಗಿರಲಿಲ್ಲ. ಆದರೂ ಅವಳು ಅವಸರ ಮಾಡಲಿಲ್ಲ, ಪೂರ್ತಿ ಕೇಳಿ ಮುಗಿಸಿ ಥ್ಯಾಂಕ್ಸ್ ಅಣ್ಣ ಎಂದಳು. ಇಷ್ಟು ಹೊತ್ತಿನಲ್ಲಿ ಅವನು ಗೋಡೆಯ ಕಡೆ ಕೈ ಚಾಚಿರಲಿಲ್ಲ.

ಫೋನ್ ಇಟ್ಟ ಮೇಲೆ ಅತ್ತೆ ಹೊರಬಂದರು. ಹಿಟ್ಟಿನ ಡಬ್ಬದ ಹಿಂದಿನ ಮಾತ್ರೆಗಳು ಅವರ ಕೈಯಲ್ಲಿದ್ದವು. ಮಗನ ಎದುರಿಗೆ ಸಣ್ಣ ಸ್ಟೂಲು ಎಳೆದುಕೊಂಡು ಕೂತು, ಎಲ್ಲರಿಗೂ ಕಾಣುವಂತೆ ಒಂದೊಂದೇ ಮಾತ್ರೆಯನ್ನು ಅವನ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದರು. ತುಟಿಯಿಂದ ಇಳಿದದ್ದನ್ನು ತಮ್ಮ ಹೊಸ ಕೋಟಿನ ತೋಳಿನಿಂದ ಒರೆಸಿದರು. ಹಬ್ಬಕ್ಕೆ ಭಾವ ಕೊಡಿಸಿದ ಕೋಟು ಅದು, ಕೆಂಪು.

"ಮಗಾ," ಎಂದರು, "ಆದ್ರೂ ಬದುಕಿದ್ದು ಒಳ್ಳೇದೇ ಆಯ್ತಲ್ವಾ?"

ಅವನ ಎಡಗೈ ಮಡಿಲ ಮೇಲಿತ್ತು. ಬೆರಳುಗಳು ನಿಧಾನವಾಗಿ ಮಡಿಚಿಕೊಂಡವು, ಟೈಲು ಬಡಿಯುವಾಗಿನಂತೆ.

ಅತ್ತೆ ತಟ್ಟನೆ ಎದ್ದರು. ಕಡುಬಿನ ನೀರು ಉಕ್ಕುತ್ತಿದೆ ಎನ್ನುತ್ತಾ, ಸ್ಟೂಲು ಎಡವಿಕೊಂಡು, ಅಡುಗೆಮನೆಗೆ ಓಡಿದರು.

ಒಲೆಯನ್ನು ಯಾರೂ ಹಚ್ಚಿರಲೇ ಇಲ್ಲ.