ಅಂಗಳದ ವಾಟ

ದುಂಡವ್ವ ಹಳೆಯ ಬ್ರಶ್ಶೊಂದನ್ನು ಹಿಡಿದು ತಮ್ಮ ಕೊಟ್ರಪ್ಪನ ಸತ್ತ ಹೆಂಡತಿಯ ಉಗುರು ಉಜ್ಜುತ್ತಿದ್ದಳು. ಸೋಪು ಹಾಕಿ ಎಷ್ಟು ತಿಕ್ಕಿದರೂ ಉಮಾಮಹೇಶ್ವರಿಯ ಬೆರಳ ತುದಿಯ ಕಪ್ಪು ಹೋಗಲೊಲ್ಲದು.

“ಏನವ್ವಾ ಇದು, ಕಲ್ಲು ಒಡಿಯಾಕಿ ಕೈ ಇದ್ದಂಗ ಅದಾವು. ಮಂದಿ ನೋಡ್ತಾರ. ಸೆರಗಿನಾಗ ಮುಚ್ಚಿಬಿಡ್ರಿ.”

“ಮುಚ್ಚಬೇಡಿ ಅತ್ತೆ.” ಶಿಲ್ಪಶ್ರೀ ಬ್ರಶ್ಶು ಕಿತ್ತುಕೊಂಡಳು. “ನಮ್ಮಮ್ಮನ ಕೈ ಅದು. ಹಾಗೇ ಇರ್ಲಿ.”

ನಾಲ್ವರು ಕುರ್ಚಿ ಸಮೇತ ಎತ್ತಿ ತಂದು ಅಂಗಳದ ಹೊಂಗೆ ಮರದ ಕೆಳಗೆ, ಕಲ್ಲುಕಟ್ಟೆಯ ಮೇಲೆ ಉಮಾಮಹೇಶ್ವರಿಯನ್ನು ಕೂರಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಅರವತ್ತೊಂದು ವರ್ಷ. ನಿನ್ನೆ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವಳು ಆಸ್ಪತ್ರೆ ಮುಟ್ಟಿರಲಿಲ್ಲ.

ರಾತ್ರಿಯೆಲ್ಲ ಸುರಿದ ಮಳೆಗೆ ಬನಶಂಕರಿ ಮೂರನೇ ಹಂತದ ಆ ಬೀದಿಯಲ್ಲಿ ಕಣಕಾಲುದ್ದ ನೀರು. ಬಂದವರು ಪಂಚೆ, ಸೀರೆ ಎತ್ತಿಕೊಂಡೇ ಗೇಟು ದಾಟಿ, ಒಳಗೆ ಕಾಲಿಟ್ಟ ಕೂಡಲೇ ಇಳಿಬಿಡುತ್ತಿದ್ದರು. ಅಂಗಳದಲ್ಲಿ ಒಂದು ಹನಿ ನಿಂತಿರಲಿಲ್ಲ.

“ಎಂಥ ಅಂಗಳ ಮಾಡಿದ್ದೀರಿ ಕೊಟ್ರಪ್ಪನವ್ರೇ,” ಎಂದರೊಬ್ಬರು, ಕೈಮುಗಿದು ಸಮಾಧಾನ ಹೇಳಿದ ಮೇಲೆ.

“ಏನೋ, ಮುತುವರ್ಜಿ ವಹಿಸಿ ಮಾಡ್ಸಿದ್ದೆ,” ಎಂದ ಕೊಟ್ರಪ್ಪ, ಕಣ್ಣೊರೆಸಿಕೊಳ್ಳುತ್ತ.

ಬೆಳಗಿನಿಂದ ಶಿಲ್ಪಶ್ರೀ ಅಪ್ಪನ ಬಾಯಲ್ಲಿ ಆ ಮಾತು ಕೇಳಿದ್ದು ಇದು ಮೂರನೇ ಸಲ.

*

ಹನ್ನೆರಡು ವರ್ಷದ ಹಿಂದೆ ಕೊಟ್ರಪ್ಪ ಕಂಟ್ರಾಕ್ಟರನ್ನು ಕರೆಸಿ ಇದೇ ಅಂಗಳಕ್ಕೆ ಕಾಂಕ್ರೀಟು, ಮೇಲೆ ಹೊಳೆಯುವ ಟೈಲ್ಸು ಹಾಕಿಸಿದ್ದ. ಎರಡೇ ಮಳೆಗಾಲಕ್ಕೆ ಟೈಲ್ಸು ಎದ್ದು, ನೀರು ಹಾಲಿಗೇ ನುಗ್ಗಿತು. ಹೊಂಗೆ ಮರದ ಬೇರಿನದೇ ತಪ್ಪು, ಕಡಿಸಿಬಿಡುತ್ತೇನೆ ಅಂದ.

“ಮರ ಮುಟ್ಟಬೇಡಿ. ನಾನು ನೋಡ್ಕೋತೀನಿ,” ಅಂದಳು ಉಮಾಮಹೇಶ್ವರಿ.

“ನಿಂಗೇನೇ ಗೊತ್ತಾಗುತ್ತೆ ಇದೆಲ್ಲ?”

ಅವನು ಬಟ್ಟೆ ಅಂಗಡಿಗೆ ಹೊರಟ ಮೇಲೆ ಅವಳು ಬಕೆಟ್ಟುಗಟ್ಟಲೆ ನೀರು ಸುರಿದು, ಅದು ಹರಿದ ದಾರಿಯನ್ನು ಸೀಮೆಸುಣ್ಣದಲ್ಲಿ ಗೀಚಿಟ್ಟಳು. ಕಲ್ಲು ಕೆಲಸದ ಪಿಳ್ಳಪ್ಪನನ್ನು ಹುಡುಕಿ ಕರೆತಂದಳು.

“ವಾಟಾನೇ ತಪ್ಪಿದೆ ಅಮ್ಮಾರೇ. ನೆಲ ಮನೆ ಕಡೆಗೇ ಇಳೀತದೆ,” ಅಂದ ಅವನು.

ಇಬ್ಬರೂ ಸೇರಿ ಟೈಲ್ಸು, ಕಾಂಕ್ರೀಟು ಒಡೆದು ತೆಗೆದು, ಇಳಿಜಾರನ್ನು ಮರದ ಕಡೆ ತಿರುಗಿಸಿದರು. ಅಲ್ಲಿ ಇಂಗುಗುಂಡಿ. ಅಂಗಳಕ್ಕೆಲ್ಲ ಜಲ್ಲಿ, ಜಲ್ಲಿಯ ಮೇಲೆ ಮರಳು, ಮರಳಿನ ಮೇಲೆ ಸಾದರಹಳ್ಳಿ ಕಲ್ಲು. ಸಿಮೆಂಟು ಒಂದು ಹಿಡಿಯೂ ಇಲ್ಲ. ಒಂದೊಂದೇ ಕಲ್ಲು ಕೂರಿಸಿ, ರಸಮಟ್ಟ ಇಟ್ಟು ಇಳಿಜಾರು ಅಳೆದು, ಗಂಡ ಬರುವಷ್ಟರಲ್ಲಿ ಕೈಕಾಲು ತೊಳೆದು ಸೀರೆ ಬದಲಾಯಿಸಿ ನಿಲ್ಲುತ್ತಿದ್ದಳು. ಪಿಳ್ಳಪ್ಪನೇ ಮಾಡುತ್ತಿದ್ದಾನೆ ಎಂದುಕೊಂಡ ಅವನು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಹೀಗೆ ಹನ್ನೊಂದು ತಿಂಗಳು; ಆಮೇಲೂ ಪ್ರತಿ ಮಳೆಗಾಲಕ್ಕೆ ಮುಂಚೆ ಸಡಿಲಾದ ಕಲ್ಲು ಮತ್ತೆ ಕೂರಿಸುವುದು ಅವಳದೇ ಕೆಲಸ.

ಬಡಾವಣೆಯ ಸಂಘದವರು ‘ಒಳ್ಳೆಯ ಅಂಗಳ’ ಎಂದು ಬಹುಮಾನ ಕೊಟ್ಟಾಗ ಶಾಲು ಹೊದಿಸಿಕೊಂಡವನು ಕೊಟ್ರಪ್ಪ. ಮೂರನೇ ಸಾಲಿನಲ್ಲಿ ಕೂತು ಉಮಾಮಹೇಶ್ವರಿ ಚಪ್ಪಾಳೆ ತಟ್ಟಿದಳು.

“ಯಾಕಮ್ಮ ತಟ್ಟಿದೆ?” ಶಿಲ್ಪಶ್ರೀ ದಾರಿಯುದ್ದಕ್ಕೂ ಕೇಳಿದ್ದಳು.

“ಅವರದ್ದು ಅಂತ ಅಂದುಕೊಂಡ್ರೆ ಕೀಳಿಸಲ್ಲ ಕಣೇ. ನಂದು ಅಂತ ಗೊತ್ತಾದ್ರೆ ನಾಳೇನೇ ಕೀಳಿಸ್ತಾರೆ.”

ಮಾರನೆಯ ದಿನ ಉಮಾಮಹೇಶ್ವರಿ ಬಾಗಿಲ ಮುಂದಿನ ಹದಿನಾಲ್ಕು ಕಲ್ಲುಗಳನ್ನು ಒಬ್ಬಳೇ ಕಿತ್ತು ಹಾಕಿದಳು. ಒಂದರಲ್ಲೂ ತಪ್ಪಿರಲಿಲ್ಲ. ಸಿಟ್ಟಿಗೆ ಹಲ್ಲು ಕಚ್ಚಿಕೊಂಡು ಕಿತ್ತಳು. ಆಮೇಲೆ ಹದಿನಾಲ್ಕನ್ನೂ ಮೊದಲಿದ್ದ ಹಾಗೆಯೇ ಕೂರಿಸಿದಳು.

*

ಸಂಘದ ಕಾರ್ಯದರ್ಶಿ ಸಂಜೀವಯ್ಯ ಹಾರ ಹಾಕಿ, ಕೊಟ್ರಪ್ಪನ ಪಕ್ಕ ಕೂತು ಮೆಲ್ಲಗೆ ಕೇಳಿದರು: “ಈ ಹೊತ್ತಲ್ಲಿ ಕೇಳಬಾರ್ದು ಸಾರ್. ನಮ್ಮನೇಲಿ ಮತ್ತೆ ನೀರು ನುಗ್ಗಿದೆ. ನೀವು ಕಲ್ಲಿನ ಕೆಳಗೆ ಏನ್ ಹಾಕಿದ್ದೀರಿ?”

“ಕಾಂಕ್ರೀಟ್ ಸಾರ್. ಗಟ್ಟಿಯಾಗಿ, ಆರಿಂಚು. ನಾನೇ ಮುಂದೆ ನಿಂತು ಹಾಕ್ಸಿದ್ದು.”

ಶಿಲ್ಪಶ್ರೀ ಎದ್ದಳು. ಮೆಟ್ಟಿಲ ಕೆಳಗಿನಿಂದ ಅಮ್ಮನ ಹಾರೆ ತಂದಳು. ಭಜನೆಯವರು ಅರ್ಧಕ್ಕೇ ನಿಲ್ಲಿಸಿದರು.

“ಶಿಲ್ಪಾ, ಏನಿದು?” ಎಂದ ಕೊಟ್ರಪ್ಪ.

“ಸಂಜೀವಯ್ಯ ಅಂಕಲ್‌ಗೆ ಕಾಂಕ್ರೀಟ್ ತೋರಿಸ್ತೀನಿ.”

ಸಂದಿಗೆ ಹಾರೆ ಚುಚ್ಚಿ ಮೈಭಾರ ಹಾಕಿದಳು. ಕಲ್ಲು ಎದ್ದು ಪಕ್ಕಕ್ಕೆ ಮಗುಚಿತು. ಕೆಳಗೆ ಒದ್ದೆ ಮರಳು. ಅವಳು ಒಂದು ಹಿಡಿ ತೆಗೆದು ಅಪ್ಪನ ಮುಂದೆ ಹಿಡಿದಳು.

“ಎಲ್ಲಿದೆ ಕಾಂಕ್ರೀಟು? ಹೋಗ್ಲಿ, ನೀರು ಯಾವ ಕಡೆ ಹೋಗುತ್ತೆ ಹೇಳಿ ಅಪ್ಪ. ಅಷ್ಟು ಹೇಳಿ ಸಾಕು.”

ಕೊಟ್ರಪ್ಪ ಗೇಟಿನ ಕಡೆ ನೋಡಿದ. ಮತ್ತೆ ಮೋರಿಯ ಕಡೆ ನೋಡಿದ.

“ನಿಮ್ಮಮ್ಮನ ಮುಂದೆ ನನ್ನ ಮರ್ಯಾದೆ ತೆಗೀತೀಯಾ?”

“ಅಮ್ಮನ ಮುಂದೇನೇ! ಇಷ್ಟು ವರ್ಷ ಅವಳ ಮುಂದೇನೇ ಸುಳ್ಳು ಹೇಳಿದ್ರಲ್ಲ!”

ಕೊಟ್ರಪ್ಪ ಗೇಟಿನ ಹತ್ತಿರ ನಿಂತಿದ್ದ ಪಿಳ್ಳಪ್ಪನತ್ತ ತಿರುಗಿದ. “ಹೇಳಯ್ಯ ನೀನು. ನಾನು ಹೇಳಿದಂಗೆ ತಾನೇ ನೀನು ಮಾಡಿದ್ದು?”

ಪಿಳ್ಳಪ್ಪ ತಲೆಯ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ನೀವು ಅಂಗಡಿಗೆ ಹೋದ ಮೇಲೇನೇ ಅಮ್ಮಾರು ಹಾರೆ ಹಿಡೀತಿದ್ದದ್ದು ಸ್ವಾಮಿ. ಕಲ್ಲು ಎತ್ತಿ ಕೊಟ್ಟೋನು ನಾನು. ಕೂರಿಸಿದ್ದು ಅವ್ರು. ಈ ಕೆಲ್ಸ ಮಾಡಿ ನಲವತ್ತು ವರ್ಷ ಆಯ್ತು ನಂಗೆ. ಅವ್ರ ಕೈ ನಂಗೂ ಬರಲಿಲ್ಲ.”

ಸಂಜೀವಯ್ಯ ಎದ್ದು ಕಟ್ಟೆಯ ಮುಂದೆ ಹೋಗಿ, ಎರಡನೇ ಸಲ ಕೈಮುಗಿದರು. ಕೊಟ್ರಪ್ಪನನ್ನು ಯಾರೂ ಮಾತಾಡಿಸಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಹೊತ್ತಾಯಿತು ಎಂದರು.

*

ರುದ್ರಭೂಮಿಯಲ್ಲಿ ಮಣ್ಣು ಮಾಡಿ ಬರುವಾಗ ಮಧ್ಯಾಹ್ನ ಮೂರಾಗಿತ್ತು. ನೆಂಟರು ಸ್ನಾನ ಮಾಡಿ ಊಟಕ್ಕೆ ಕೂತರು. ಕೊಟ್ರಪ್ಪ ಅಂಗಳದಲ್ಲೇ ಉಳಿದ. ಮಗುಚಿದ ಕಲ್ಲನ್ನು ಎಳೆದು ಗುಂಡಿಗೆ ತಳ್ಳಿದ. ಕಾಲಿಟ್ಟ. ಅಲುಗಾಡಿತು.

“ಪಿಳ್ಳಪ್ಪ, ಬಾಯಿಲ್ಲಿ. ಇದೊಂದು ಕೂರಿಸಿಕೊಟ್ಟು ಹೋಗು.”

“ಬೇಡ ಪಿಳ್ಳಪ್ಪಣ್ಣ,” ಬಾಗಿಲಲ್ಲಿ ನಿಂತು ಶಿಲ್ಪಶ್ರೀ ಅಂದಳು. “ನೀವು ಒಳಗೆ ಬನ್ನಿ. ಎಲೆ ಹಾಕಿದೆ.”

ಪಿಳ್ಳಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಆಮೇಲೆ ಕೊಟ್ರಪ್ಪನನ್ನು ದಾಟಿ ಒಳಗೆ ಹೋದ.

ಕೊಟ್ರಪ್ಪ ಮಂಡಿಯೂರಿ ಕಲ್ಲೆತ್ತಿದ. ಒಂದು ಹಿಡಿ ಮರಳು ತುಂಬಿ ಇಳಿಸಿದ. ಈಗ ಇನ್ನೊಂದು ಮೂಲೆ ಎದ್ದಿತು. ಮರಳು ತೆಗೆದ. ಮತ್ತೆ ಇಳಿಸಿ, ಎರಡೂ ಅಂಗೈ ಊರಿ ಒತ್ತಿದ. ಕಲ್ಲು ಟಕ್ ಎಂದು ಆ ಕಡೆ ವಾಲಿತು. ಕೈ ತೆಗೆದ ಕೂಡಲೇ, ಟಕ್ ಎಂದು ಈ ಕಡೆ.