ದ್ರೌಪದಿಯ ಮೈಕು

ಸೌಂಡಿನ ಲಕ್ಷ್ಮೀಕಾಂತನ ಹೊಟ್ಟೆಯಲ್ಲಿ ಒಂದು ತಿಂಗಳಿಂದ ಉರಿಯುತ್ತಿದ್ದುದು ಎಂಥಾ ಸಣ್ಣ ವಿಷಯ ಅಂತೀರಿ! ಕುಣಿಗಲ್‌ನಲ್ಲಿ ನಾಟಕ ಮುಗಿದ ಮೇಲೆ ಮಾಲಿನಿ ಮೈಕು ಹಿಡಿದು ಎಲ್ಲರಿಗೂ ವಂದನೆ ಹೇಳಿದಳು. ಹಾರ್ಮೋನಿಯಂ ಮೇಷ್ಟ್ರಿಗೆ, ಮೇಕಪ್ಪಿನವನಿಗೆ, ಸೀನರಿಯವರಿಗೆ, ಕೊನೆಗೆ ಟೀ ಕೊಟ್ಟ ಪುಣ್ಯಾತ್ಮನಿಗೂ. "ದೇವ್ರು ದೊಡ್ಡೋನು, ಹೋಗಿದ್ ದನಿ ವಾಪಸ್ ಕೊಟ್ಟ" ಅಂತ ಕಣ್ಣೊರೆಸಿಕೊಂಡಳು. ಸೌಂಡಿನವನ ಹೆಸರು ಮಾತ್ರ ಅವಳ ಬಾಯಿಗೆ ಬರಲಿಲ್ಲ. ದೇವರಂತೆ ದೇವರು! ದೇವರೇನು ಸ್ಪೀಕರ್ ಹೊತ್ತುಕೊಂಡು ಬಂದಿದ್ದನೇ?

ಮಾಲಿನಿ ಗುಬ್ಬಿಯವಳು. ಪೌರಾಣಿಕ ನಾಟಕ ಅಂದರೆ ದ್ರೌಪದಿ ಪಾತ್ರಕ್ಕೆ ಅವಳೇ ಬೇಕು ಅಂತ ಜನ ಹುಡುಕಿಕೊಂಡು ಬರುತ್ತಿದ್ದರು. ಹೋದ ವರ್ಷ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. "ಮೆಲ್ಲಗೆ ಹಾಡ್ಕೊಳ್ಳಿ. ಕಿರುಚಿದ್ರೋ, ಹರಿದುಹೋಗುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಅಂದಿದ್ದರು ಡಾಕ್ಟರು. ಮೆಲ್ಲಗೆ ಹಾಡುವ ದ್ರೌಪದಿಯನ್ನು ಯಾರು ಕರೆಯುತ್ತಾರೆ? ಆಗ ಅವಳ ಕೈ ಹಿಡಿದದ್ದು ಲಕ್ಷ್ಮೀಕಾಂತನ ಕಂಪ್ರೆಸರ್.

ಕಂಪ್ರೆಸರ್ ಅಂದರೆ ಟೈರಿಗೆ ಗಾಳಿ ತುಂಬುವುದಲ್ಲ. ಉದ್ದಕ್ಕೂ ತಿರುಪುಗಳಿರುವ ಕರಿಯ ಡಬ್ಬ. ಮೈಕಿನ ದನಿ ಸ್ಪೀಕರಿಗೆ ಹೋಗುವ ಮೊದಲು ಇದರೊಳಗೆ ಹಾಯಬೇಕು. ಜೋರು ದನಿಯನ್ನು ಅದುಮುತ್ತದೆ, ಸಣ್ಣ ದನಿಯನ್ನು ಎತ್ತಿ ಕೊಡುತ್ತದೆ. ಅದರಲ್ಲೇ ಗೇಟ್ ಅಂತ ಒಂದು ತಿರುಪು. ಫ್ಯಾನಿನ ಸದ್ದು, ಸೀರೆಯ ಸರಸರ ಒಳಗೆ ನುಗ್ಗದಂತೆ ಇಟ್ಟ ಬಾಗಿಲು ಅನ್ನಿ. ತಿರುಪು ಇಟ್ಟ ಮಟ್ಟಕ್ಕಿಂತ ಸಣ್ಣ ಸದ್ದು ಬಂದರೆ ಬಾಗಿಲು ಮುಚ್ಚಿ ಕೆಂಪು ದೀಪ, ದೊಡ್ಡದು ಬಂದರೆ ತೆರೆದು ಹಸಿರು ದೀಪ.

"ನೋಡಮ್ಮ, ಹಸಿರು ಉರೀತಿದ್ರೆ ನೀನು ಪಿಸುಗುಟ್ಟಿದ್ರೂ ಕಡೇ ಸಾಲಿಗೆ ಹೋಗುತ್ತೆ. ಗಂಟಲು ನೋಯಿಸ್ಕೋಬೇಡ, ನಾನಿದೀನಿ" ಅಂತ ಹೇಳಿಕೊಟ್ಟವನು ಇವನೇ. ಅಂದಿನಿಂದ ಸ್ಟೇಜಿನ ಮೇಲೆ ಮಾಲಿನಿಯ ಒಂದು ಕಣ್ಣು ಪರದೆ ಪಕ್ಕದ ಸೈಡ್ ವಿಂಗಿನಲ್ಲಿದ್ದ ಆ ದೀಪದ ಮೇಲೇ. ಕರೆಯಲು ಬಂದವರಿಗೆಲ್ಲ "ಲಕ್ಷ್ಮೀಕಾಂತಣ್ಣನ ಸೌಂಡ್ ಇದ್ರೆ ಮಾತ್ರ ಬರ್ತೀನಿ" ಅನ್ನುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಉರಿಯುವ ಹೊಟ್ಟೆಗೆ ಕಿವಿ ಇರುತ್ತದೆಯೇ?

ಆ ಭಾನುವಾರ ತುಮಕೂರಿನ ರಂಗಮಂದಿರದಲ್ಲಿ ಹಗಲು ನಾಟಕ. ಕಾಲಿಡಲು ಜಾಗವಿಲ್ಲದಷ್ಟು ಜನ. ದುಶ್ಶಾಸನನ ಪಾರ್ಟು ಮಾಡಿದ್ದ ಚೇಳೂರಿನ ಡ್ರಿಲ್ ಮೇಷ್ಟ್ರು ದ್ರೌಪದಿಯ ಜಡೆ ಹಿಡಿದು ದರದರ ಎಳೆದು ತಂದರು. ಇನ್ನೇನು ಅವಳು ಕೃಷ್ಣನನ್ನು ಕೂಗಿ ಹಾಡಬೇಕು. ಲಕ್ಷ್ಮೀಕಾಂತ ಎರಡು ಬೆರಳಲ್ಲಿ ಗೇಟಿನ ತಿರುಪನ್ನು ಮಟ್ಟ ಏರುವಂತೆ ಮೆಲ್ಲಗೆ ಬಲಕ್ಕೆ ತಿರುಗಿಸಿದ. ಒಂದೇ ಒಂದು ಪದ್ಯ. ಯಾವ ದೇವರು ದನಿ ಕೊಟ್ಟನೆಂದು ಅವಳಿಗೆ ಗೊತ್ತಾಗಲಿ. ಆಮೇಲೆ ಸರಿಮಾಡಿದರಾಯಿತು.

ಗೋವಿಂದರಾಜು ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದರು. ಮಾಲಿನಿ ಎಂದಿನಂತೆ ಮೆಲ್ಲಗೆ ಎತ್ತಿಕೊಂಡಳು, "ಅಣ್ಣಾ..." ವಿಂಗಿನಲ್ಲಿದ್ದ ಲಕ್ಷ್ಮೀಕಾಂತನಿಗೆ ಸ್ಪಷ್ಟವಾಗಿ ಕೇಳಿಸಿತು. ಸಭೆಗೆ ಕೇಳಿಸಿದ್ದು ಬರೀ ಹಾರ್ಮೋನಿಯಂ.

"ಏಯ್, ಸೌಂಡು!"

"ಸೌಂಡ್ ಸರ್ಯಾಗೈತೆ ಕಣ್ಲಾ, ಅವ್ಳ ದನೀನೇ ಬಿದ್ದೋಗೈತೆ. ಆಪ್ರೇಸನ್ ಆಗಿತ್ತಲ್ಲ."

ಶಿಳ್ಳೆ ಎದ್ದಿತು. ಮಾಲಿನಿ ವಿಂಗಿನತ್ತ ತಿರುಗಿದಳು. ಕೆಂಪು ದೀಪ. ದೀಪದ ಪಕ್ಕದ ತಿರುಪಿನ ಮೇಲೆ ಅವನ ಕೈ. ಅವಳು ಅವನ ಮುಖ ನೋಡಿದಳು, ಅವನು ವೈರು ಸರಿಮಾಡುವವನ ಹಾಗೆ ತಲೆ ತಗ್ಗಿಸಿದ. ಜಡೆ ಡ್ರಿಲ್ ಮೇಷ್ಟ್ರ ಮುಷ್ಟಿಯಲ್ಲಿತ್ತು. ಅವಳು ಎರಡೂ ಕೈ ಮೇಲಕ್ಕೆ ಎತ್ತಲಿಲ್ಲ, ಪಕ್ಕಕ್ಕೆ, ವಿಂಗಿನ ಕಡೆಗೆ ಚಾಚಿದಳು. "ಅಣ್ಣಾ, ಕೈ ಬಿಡ್ಬೇಡ." ನಾಟಕದಲ್ಲಿ ಆ ಮಾತೇ ಇರಲಿಲ್ಲ. ಅವನು ಅಲುಗಾಡಲಿಲ್ಲ. ಅಯ್ಯೋ ಪಾಪಿ, ಎರಡು ಬೆರಳಿನ ಕೆಲಸ!

ಸಭೆಯ ನಗು ಜಾಸ್ತಿಯಾಯಿತು. ಮಾಲಿನಿ ಕಣ್ಣು ಮುಚ್ಚಿದಳು. ಹೊಟ್ಟೆಯಿಂದ ಉಸಿರೆಳೆದು, ಡಾಕ್ಟರ ಮಾತನ್ನೆಲ್ಲ ಅತ್ತ ಸರಿಸಿ, ಹಳೆಯ ದ್ರೌಪದಿಯ ಹಾಗೆ ಕೊರಳು ಬಿಚ್ಚಿ ಕೂಗಿದಳು. ಹಸಿರು ದೀಪ ಹತ್ತಿತು. ಅದುಮಲು ಹೋದ ಡಬ್ಬವೇ ತಬ್ಬಿಬ್ಬಾಯಿತು. ಶಿಳ್ಳೆ ಹಾಕುತ್ತಿದ್ದವರ ಬಾಯಿ ಹಾಗೇ ನಿಂತಿತು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪದ್ಯ ಮುಗಿದಾಗ ಇಡೀ ರಂಗಮಂದಿರ ಎದ್ದು ನಿಂತಿತ್ತು.

"ಒನ್ಸ್ ಮೋರ್! ಒನ್ಸ್ ಮೋರ್!"

ನಮ್ಮ ಕಡೆ ನಾಟಕದಲ್ಲಿ ಒನ್ಸ್ ಮೋರ್ ಅಂದರೆ ಇಲ್ಲ ಅನ್ನುವ ಹಾಗಿಲ್ಲ. ಸೀರೆ ಸೆಳೆಯುತ್ತಿರುವ ದುಶ್ಶಾಸನನೂ ಕೈ ಕಟ್ಟಿ ನಿಂತು ಕಾಯಬೇಕು. ಗೋವಿಂದರಾಜು ಮೇಷ್ಟ್ರು ಆನಂದದಿಂದ ಕಣ್ಣು ಮುಚ್ಚಿ ಮತ್ತೆ ಅದೇ ಶ್ರುತಿ ಹಿಡಿದರು. ಮಾಲಿನಿ ಗಂಟಲು ಹಿಡಿದುಕೊಂಡು ಬೇಡ ಬೇಡವೆಂದು ತಲೆಯಾಡಿಸಿದಳು. ಆಹಾ, ಎಂಥಾ ಅಭಿನಯ ಅಂತ ಜನ ಇನ್ನೂ ಜೋರಾಗಿ ಕೂಗಿದರು.

ಲಕ್ಷ್ಮೀಕಾಂತ ಡಬ್ಬದ ಮೇಲೆ ಬಗ್ಗಿದ. ಗೇಟನ್ನು ಪೂರ್ತಿ ತೆರೆದ. ದನಿ ಎತ್ತುವ ತಿರುಪನ್ನು ಕೊನೆಯ ತನಕ ತಿರುಗಿಸಿದ. 'ಮೆಲ್ಲಗೆ ಹಾಡು, ಈಗ ಹೋಗುತ್ತೆ' ಅಂತ ಕೈಸನ್ನೆ ಮಾಡಿದ. ಅವಳು ಬಾಯಿ ತೆರೆದಳು. ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದ ಹಾಗೆ ಒಂದು ಸದ್ದು ಬಂತು. ಬರಿಗಂಟಲಿನದಾಗಿದ್ದರೆ ಪಕ್ಕದಲ್ಲಿದ್ದ ದುಶ್ಶಾಸನನಿಗೂ ಕೇಳಿಸುತ್ತಿರಲಿಲ್ಲ. ಡಬ್ಬ ಮಾತ್ರ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿತು. ಆ ಸದ್ದನ್ನು ಜೋಪಾನವಾಗಿ ಎತ್ತಿ ಕಡೇ ಸಾಲಿನ ತನಕ ಒಯ್ದು ಮುಟ್ಟಿಸಿತು. ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. ಪರದೆ ಬಿತ್ತು.

ವಿಂಗಿಗೆ ಬಂದವಳಿಗೆ ಅವನು "ಬಿಸಿನೀರು ಕುಡಿಯಮ್ಮ, ಸರಿಹೋಗುತ್ತೆ" ಅಂದ. ಅವಳು ಏನೋ ಹೇಳಲು ಹೋದಳು, ಬರೀ ಗಾಳಿ ಬಂತು. ಎದೆಯ ಮೇಲಿನ ಕಾಲರ್ ಮೈಕು ಬಿಚ್ಚಿ ಡಬ್ಬದ ಮೇಲಿಟ್ಟಳು.

ಅಷ್ಟರಲ್ಲಿ ಪರದೆಯ ಮುಂದೆ ನಾಟಕ ಸಂಘದ ಅಧ್ಯಕ್ಷ ಚಿಕ್ಕಬೀರಯ್ಯ ಮೈಕು ಹಿಡಿದಿದ್ದ. "ಒಸಿ ಸುಮ್ಕಿರ್ರಪ್ಪ. ಬೆಳಗ್ಗೆ ಬಣ್ಣ ಹಚ್ಕೊಳಕ್ ಮುಂಚೇನೇ ಮಾಲಿನಮ್ಮ ನಂಗೊಂದ್ ಮಾತ್ ಹೇಳವ್ರೆ. ಕುಣಿಗಲ್‌ನಾಗೆ ಒಬ್ರನ್ನ ಮರ್ತ್‌ಬುಟ್ಟೆ, ಮನಸ್ಸಿಗೆ ಚುಚ್ತಾ ಐತೆ. ಇವತ್ತು ಮೊದಲ್ನೇ ಹಾರ ಸೌಂಡಿನ ಲಕ್ಷ್ಮೀಕಾಂತಣ್ಣನಿಗೇ ಹಾಕ್ಬೇಕು, ಒಡಹುಟ್ಟಿದೋನಂಗೆ ನನ್ ಕಾಪಾಡವ್ನೆ ಅಂತ. ಬಾರಪ್ಪ ಲಕ್ಷ್ಮೀಕಾಂತ!"

ಬರಲೊಲ್ಲದವನನ್ನು ಇಬ್ಬರು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಸುಗಂಧರಾಜದ ಹಾರ ಕೊರಳಿಗೆ ಬಿತ್ತು. ಚಪ್ಪಾಳೆ ಬಿತ್ತು, ನಿಂತಿತು.

ಒಂದು ಚಪ್ಪಾಳೆ ಮಾತ್ರ ನಿಲ್ಲಲಿಲ್ಲ. ಸ್ಪೀಕರಿನಿಂದ ಬರುತ್ತಿತ್ತು. ಒಂಟಿ ಚಪ್ಪಾಳೆ, ಬಿಟ್ಟು ಬಿಟ್ಟು, ಗೋಡೆ ಅದುರುವಷ್ಟು ಜೋರಾಗಿ. ಲಕ್ಷ್ಮೀಕಾಂತ ತಿರುಗಿ ನೋಡಿದ. ಮಾಲಿನಿ ಡಬ್ಬದ ಮೇಲಿದ್ದ ಮೈಕಿಗೆ ಕೈ ಹತ್ತಿರ ಹಿಡಿದು, ಅವನನ್ನೇ ನೋಡುತ್ತಾ ತಟ್ಟುತ್ತಿದ್ದಳು. ಅವನೇ ತೆರೆದಿಟ್ಟಿದ್ದ ಗೇಟು. ಹಸಿರು ದೀಪ ಉರಿಯುತ್ತಲೇ ಇತ್ತು.

"ನೋಡ್ರಪ್ಪ, ದ್ರೌಪದಿಗೆ ಎಷ್ಟ್ ಖುಷಿಯಾಗೈತೆ!" ಅಂತ ಚಿಕ್ಕಬೀರಯ್ಯ ನಕ್ಕ. ಸಭೆಯೂ ಅವಳ ಜೊತೆ ಸೇರಿ ಮತ್ತೆ ಚಪ್ಪಾಳೆ ತಟ್ಟಿತು. ಲಕ್ಷ್ಮೀಕಾಂತ ಹಾರ ಹಾಕಿಕೊಂಡು ನಡುವೆ ನಿಂತಿದ್ದ.